ಒಂದು ಚುಕ್ಕಿ, ಎರಡು ಚುಕ್ಕಿ

ಹೋದ ವರ್ಷ ಬೇಸಿಗೆಯಲ್ಲಿ ಹಳ್ಳಿಯ ಹಳೆ ಮನೆ ಬಿಚ್ಚಿಸಿದೆವು. ಚಿತ್ತಾಪುರ ತಾಲೂಕಿನಲ್ಲಿ ನಮ್ಮ ಹಳ್ಳಿ. ಶಹಾಬಾದ್ ಕಲ್ಲಿನ ಗೋಡೆ ಗಟ್ಟಿಮುಟ್ಟಾಗಿಯೇ ಇತ್ತು. ಮಾಳಿಗೆಯ ತೊಲೆಗಳನ್ನು ಮಾತ್ರ ಗೆದ್ದಲು ತಿಂದು ಮುಗಿಸಿತ್ತು. ಒಳಕೋಣೆಯ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಯಿತು. ಅದರಲ್ಲಿ ಎರಡು ಹಿತ್ತಾಳೆ ಗಿಂಡಿ, ಒಂದು ಕಪ್ಪು ಕೋಟು, ಮತ್ತೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಒಂದು ಉದ್ದನೆಯ ವಹಿ.

ವಹಿ ನಮ್ಮ ಮುತ್ಯಾನದು. ಅಜ್ಜನಿಗೆ ಕಲಬುರಗಿ ಕಡೆ ಮುತ್ಯಾ ಅಂತೀವಿ. ನಿಜಾಮರ ಕಾಲದಲ್ಲಿ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನಾನು ಹುಟ್ಟುವ ಮೊದಲೇ ತೀರಿಕೊಂಡ. ವಹಿ ಬಿಚ್ಚಿದರೆ ಪುಟದ ತುಂಬ ಉರ್ದು. ಕಪ್ಪು ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾಕಾನ ಮಗ ಇಣುಕಿ ನೋಡಿ, "ಜಮೀನಿನ ಕಾಗದ ಇರಬೇಕು, ಯಾರಿಗೂ ತೋರಸಬ್ಯಾಡ" ಅಂದ. ಅವನ ಕಣ್ಣಿಗೆ ಆಗಲೇ ನಾಲ್ಕೆಕರೆ ಕಾಣುತ್ತಿತ್ತು.

ನನ್ನ ಕಣ್ಣಿಗೆ ಬೇರೇನೋ ಕಂಡಿತು. ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡುವ ಆ್ಯಪ್ ತೆರೆದೆ. ಬಹಳಷ್ಟು ಸಾಲುಗಳಿಗೆ ಅದು ಏನೇನೋ ಬಡಬಡಿಸಿತು. ಒಂದು ಪುಟದ ತಲೆಯ ಮೇಲಿದ್ದುದನ್ನು ಮಾತ್ರ ಸ್ಪಷ್ಟವಾಗಿ ಹೇಳಿತು: ಬಹಮನ್, 1352.

ಕಲಬುರಗಿಯಲ್ಲಿ ಶಾಲೆ ಕಲಿತ ಯಾರಿಗಾದರೂ ಇದನ್ನು ಕೇಳಿದರೆ ಮೈ ಜುಮ್ ಅನ್ನುತ್ತೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಪಟ್ಟಕ್ಕೆ ಬಂದು ನಮ್ಮೂರನ್ನು ರಾಜಧಾನಿ ಮಾಡಿಕೊಂಡ. 1352 ಅಂದರೆ ಅವನದೇ ಆಳ್ವಿಕೆ! ಐದು ನಿಮಿಷ ನಾನು ಯಾವ ಮ್ಯೂಸಿಯಂಗೆ ಫೋನ್ ಮಾಡಲಿ ಅಂತ ಯೋಚಿಸುತ್ತಿದ್ದೆ. ವಹಿಯ ಕಾಗದದ ಮೇಲೆ ಅಚ್ಚಿನ ಗೆರೆಗಳಿದ್ದವು. ಅದು ಕಣ್ಣಿಗೆ ಬೀಳಲೇ ಇಲ್ಲ.

ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎಂಬತ್ತೇಳು ದಾಟಿದೆ, ಕಣ್ಣು ಪೂರಾ ಮಂಜು. ಹೋಗಿ ಹೇಳಿದೆ. "ಫಸ್ಲಿ ಅದು, ಖೋಡಿ" ಅಂದ. "ಬಹಮನ್ ಅಂದ್ರ ತಿಂಗಳ ಹೆಸರು."

ನಿಜಾಮರ ರಾಜ್ಯದಲ್ಲಿ ಕಚೇರಿ ಲೆಕ್ಕವೆಲ್ಲ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ಫಸಲಿನಿಂದ ಬಂದ ಹೆಸರು. ಅಕ್ಟೋಬರಿನಲ್ಲಿ ವರ್ಷ ಶುರು, ತಿಂಗಳುಗಳಿಗೆ ಆಜುರ್, ದೈ, ಬಹಮನ್, ಇಸ್ಫಂದಾರ್ ಅಂತ ಇರಾನಿನ ಹೆಸರುಗಳು. ಆ ವರ್ಷಕ್ಕೆ 590 ಸೇರಿಸಿದರೆ ನಮ್ಮ ಇಸವಿ ಸಿಗುತ್ತೆ, ಜನವರಿ ಬಂದಿದ್ದರೆ 591. ಹಾಗಾಗಿ ಬಹಮನ್ 1352 ಅಂದರೆ 1942ರ ಡಿಸೆಂಬರ್ ಸುಮಾರು. ಬಹಮನಿ ಸುಲ್ತಾನನ ವಹಿ ಆರು ಶತಮಾನ ಕೆಳಗೆ ಜಾರಿ ಮುತ್ಯಾನ ವಹಿಯಾಯಿತು.

ಇಲ್ಲಿ ಹಳೆ ಉರ್ದು ದಾಖಲೆ ಓದಿಸೋದು ದೊಡ್ಡ ಮಾತಲ್ಲ. ಸೇತ್ವಾರ್, ಹಳೆ ಪಹಣಿ, ಖರೀದಿ ಪತ್ರ ಹಿಡಿದು ಓಡಾಡುವವರು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಂದಿಗೂ ಸಿಗುತ್ತಾರೆ. ದುಡ್ಡು ಕೊಟ್ಟರೆ ಓದಿ ಕನ್ನಡದಲ್ಲಿ ಬರೆದುಕೊಡುವವರೂ ಇದ್ದಾರೆ. ನಾನೂ ಹಾಗೇ ಮಾಡಬಹುದಿತ್ತು. ಆದರೆ ನನಗೊಂದು ನಾಚಿಕೆ. ಐವತ್ತು ವರ್ಷ ಈ ಊರಲ್ಲಿ ಕಳೆದಿದ್ದೇನೆ. ರೋಜಾ ಬಡಾವಣೆ ಕಡೆ ಹೋದರೆ ಅಂಗಡಿ ಬೋರ್ಡು, ಮದುವೆ ಬ್ಯಾನರು, ಮಸೀದಿಯ ಬಾಗಿಲು ಎಲ್ಲ ಕಡೆ ಆ ಲಿಪಿ. ದಿನಾ ನೋಡಿದ್ದೇನೆ, ಗೋಡೆಯ ಮೇಲಿನ ಬಳ್ಳಿ ನೋಡಿದ ಹಾಗೆ. ಅದು ಅಕ್ಷರ, ಅದನ್ನು ಓದಬಹುದು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಸರಿ, ಕಲಿಯೋಣ ಅಂದುಕೊಂಡೆ. ಮೊದಲು ಮೊಬೈಲಿನಲ್ಲೇ. ದಿನಕ್ಕೆ ಹತ್ತು ನಿಮಿಷ, ಸರಿಯುತ್ತರ ಕೊಟ್ಟರೆ ನಕ್ಷತ್ರ, ಒಂದು ದಿನ ತಪ್ಪಿದರೆ ಅಳುವ ಮುಖ. ನಲವತ್ತೆರಡು ದಿನ ಒಂದೂ ತಪ್ಪಿಸಲಿಲ್ಲ. ಅಕ್ಷರಮಾಲೆ ಮುಗಿಯಿತು ಅಂತ ಆ್ಯಪ್ ಅಭಿನಂದನೆ ಹೇಳಿತು. ಅವತ್ತು ರಾತ್ರಿ ವಹಿ ತೆರೆದೆ. ಒಂದು ಅಕ್ಷರ, ಒಂದೇ ಒಂದು ಅಕ್ಷರ ಗುರುತು ಸಿಗಲಿಲ್ಲ. ಆ್ಯಪ್ ಕಲಿಸಿದ್ದು ಇಸ್ತ್ರಿ ಹಾಕಿದ ಅಂಗಿಯಂಥ ಅಕ್ಷರ. ಮುತ್ಯಾ ಬರೆದದ್ದು ಹೊಲಕ್ಕೆ ಹಾಕಿಕೊಂಡು ಹೋಗಿ ಬಂದ ಅಂಗಿ.

ಆಫೀಸಿನ ಒಬ್ಬ ಗೆಳೆಯ ತನಗೆ ಗೊತ್ತಿದ್ದ ಒಬ್ಬ ನಿವೃತ್ತ ಉರ್ದು ಮಾಸ್ತರರ ಹತ್ತಿರ ಕರೆದುಕೊಂಡು ಹೋದ. ಖ್ವಾಜಾ ಬಂದೇ ನವಾಜ್ ದರ್ಗಾದ ಹಿಂದಿನ ಗಲ್ಲಿ. ಕೆಳಗೆ ಒಂದು ಝೆರಾಕ್ಸ್ ಅಂಗಡಿ, ಮೇಲೆ ಮಾಸ್ತರ್ ಸಾಬರ ಮನೆ. ಎಪ್ಪತ್ತು ದಾಟಿದವರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ, ಸಂಜೆ ಕಿತಾಬತ್. ಅಂದರೆ ಚಂದದ ಕೈಬರಹದಲ್ಲಿ ಮದುವೆ ಕಾರ್ಡು, ಪೋಸ್ಟರು, ಕಲ್ಲಿನ ಫಲಕ ಬರೆಯುವ ಕೆಲಸ. ಒಂದು ಕಾಲದಲ್ಲಿ ಉರ್ದು ಪೇಪರ್‌ಗಳ ಪುಟಗಳನ್ನೆಲ್ಲ ಹೀಗೇ ಕೈಯಲ್ಲಿ ಬರೆದು ಅಚ್ಚಿಗೆ ಕಳಿಸುತ್ತಿದ್ದರು. 1981ರಲ್ಲಿ ನೂರಿ ನಸ್ತಾಲಿಖ್ ಅನ್ನುವ ಅಚ್ಚಿನ ಲಿಪಿ ಬಂತು. ಅಕ್ಷರಗಳು ಒಂದಕ್ಕೊಂದು ಸೇರಿದಾಗ ಆಗುವ ಸಾವಿರಾರು ಆಕಾರಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದು ಯಂತ್ರಕ್ಕೆ ತುಂಬಿದ್ದರಂತೆ. ಆಮೇಲೆ 1994ರಲ್ಲಿ ಉರ್ದು ಪುಟ ಜೋಡಿಸುವ ಇನ್‌ಪೇಜ್ ಸಾಫ್ಟ್‌ವೇರ್. "ಅಲ್ಲಿಗಿ ನಮ್ಮ ಖಲಮ್ ಮೂಲಿಗಿ ಬಿತ್ತು" ಅಂದರು ಮಾಸ್ತರ್ ಸಾಬ್. ಕಲಮ್ ಅನ್ನಬೇಕಾದಲ್ಲಿ ಅವರು ಖಲಮ್ ಅನ್ನುತ್ತಾರೆ. ದಖನಿ, ಅಂದರೆ ನಮ್ಮ ಕಡೆಯ ಉರ್ದು, ಮಾತಾಡುವವರೆಲ್ಲ ಹಾಗೇ. ಬರೆಯುವಾಗ ಮಾತ್ರ ಆ ದೊಡ್ಡ 'ಕ' ಅಕ್ಷರ ಸರಿಯಾಗೇ ಇರುತ್ತೆ. ಕೇಳಿದ್ದಕ್ಕೆ ನಕ್ಕರು: "ಕೈ ಲಖನೌದ್ದು, ಬಾಯಿ ನಮ್ಮ ದಖ್ಖನದ್ದು."

ವಹಿ ಕೊಟ್ಟೆ. ಎರಡು ಪುಟ ತಿರುವಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಕೆಂಪು ಅರಿವೆಯಲ್ಲಿ ಮೊದಲಿನ ಹಾಗೇ ಸುತ್ತಿ ನನ್ನ ಕೈಗಿಟ್ಟರು.

"ಇದು ದೀಪಾವಳಿ ತನಕ ಟ್ರಂಕಿನಾಗೇ ಇರ್ಲಿ ಸಾಹೇಬ್ರ. ನಿಮ್ಮ ಮುತ್ಯಾ ಶಿಕಸ್ತಾ ಬರ್ದಾರ. ಇದನ್ನ ಓದಬೇಕಂದ್ರ ಮೊದಲ ಬರಿಲಕ್ಕ ಬರಬೇಕು."

ಓದಲಿಕ್ಕೆ ಬಂದವನಿಗೆ ಬರೆಯೋದು ಯಾಕೆ? ಅವತ್ತು ನನಗೆ ಸ್ವಲ್ಪ ಸಿಟ್ಟೇ ಬಂತು. ನನಗೇನು ಮದುವೆ ಕಾರ್ಡ್ ಬರೆಯೋದಿತ್ತಾ?

ಶಿಕಸ್ತಾ ಅಂದರೆ ಮುರಿದದ್ದು. ಕಚೇರಿಯಲ್ಲಿ ಬೇಗ ಬರೆಯಲು ಅಕ್ಷರಗಳನ್ನು ಅರ್ಧರ್ಧ ಮುರಿದು, ಸೇರಿಸಬಾರದ್ದನ್ನೂ ಸೇರಿಸಿ ಓಡಿಸುವ ಬರಹ. ನಮ್ಮ ಡಾಕ್ಟರರ ಚೀಟಿ ಇದ್ದ ಹಾಗೆ. ಅದರಲ್ಲಿ ಅಕ್ಷರ ಪೂರ್ತಿ ಇರೋದೇ ಇಲ್ಲ, ಅದರ ಕಡೆ ಹೊರಟ ಕೈಯ ದಾರಿ ಮಾತ್ರ ಇರುತ್ತೆ. ಆ ದಾರಿಯಲ್ಲಿ ನಮ್ಮ ಕೈ ನಾಲ್ಕು ಸಲ ಹೋಗಿ ಬಂದಿದ್ದರೆ ಮಾತ್ರ, ಇವನು ಎಲ್ಲಿಗೆ ಹೊರಟಿದ್ದ ಅಂತ ಗೊತ್ತಾಗೋದು. ಇದು ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ.

ಮೊದಲ ವಾರ ಪೂರ್ತಿ ಅಲಿಫ್. ಅಲಿಫ್ ಅಂದರೆ ಒಂದು ನಿಂತ ಗೆರೆ, ಅಷ್ಟೇ. ಬಿದಿರಿನ ಕಡ್ಡಿಯನ್ನು ಓರೆಯಾಗಿ ಕೊಯ್ದ ಕಲಮು. ಒಂದು ದೌತಿ, ಅದರೊಳಗೆ ರೇಷ್ಮೆ ದಾರದ ಸಣ್ಣ ಉಂಡೆ. ಕಲಮು ಹೆಚ್ಚು ಶಾಯಿ ಕುಡಿಯದಿರಲಿ ಅಂತ ಆ ಉಂಡೆ. ಮಾಸ್ತರ್ ಸಾಬ್ ಮೊದಲು ಕಲಮಿನ ಪೂರ್ತಿ ಬಾಯಿಯನ್ನು ಕಾಗದಕ್ಕೆ ಒತ್ತಿ ಓರೆಯಾಗಿ ಎಳೆದರು. ಒಂದು ಚುಕ್ಕಿ ಆಯಿತು, ಶಂಕರಪಾಳಿಯ ಆಕಾರದ್ದು. "ಇದು ಒಂದು ಖತ್. ಇದೇ ನಿಮ್ಮ ಗಜಕಡ್ಡಿ" ಅಂದರು. ಮೂರು ಚುಕ್ಕಿ ಒಂದರ ಮೇಲೊಂದು ಇಟ್ಟರು. ಅದರ ಪಕ್ಕ ಅಷ್ಟೇ ಎತ್ತರದ ಅಲಿಫ್ ಎಳೆದರು. ನಸ್ತಾಲಿಖ್, ಅಂದರೆ ಉರ್ದುವಿನ ಮಾಮೂಲು ಬರಹದ ಶೈಲಿಯಲ್ಲಿ, ಅಲಿಫ್ ಮೂರು ಖತ್. ಕಲಮು ದಪ್ಪ ಇದ್ದರೆ ಚುಕ್ಕಿ ದಪ್ಪ, ಅಲಿಫ್ ಎತ್ತರ. ಕಲಮು ಸಣ್ಣದಾದರೆ ಎಲ್ಲವೂ ಸಣ್ಣದು. ಅಳತೆಪಟ್ಟಿ ಕಲಮಿನ ತುದಿಯಲ್ಲೇ ಇದೆ.

ನಾನು ಎಳೆದದ್ದು ಗೂಟದ ಹಾಗೆ ಬಂತು. ಇನ್ನೊಂದು ಎಳೆದೆ, ಗೂಟ. ಹತ್ತು ಎಳೆದೆ. "ನೋಡಿ ಎಳೀರಿ" ಅಂದರು. ನೋಡಿಯೇ ಎಳೆಯುತ್ತಿದ್ದೇನೆ ಅಲ್ವಾ ಅಂದುಕೊಂಡೆ.

ಎರಡನೇ ದಿನ, ಮೂರನೇ ದಿನ ಅದೇ. ಆಫೀಸ್ ಮುಗಿಸಿ ಆರು ಗಂಟೆಗೆ ಹೋಗೋದು, ಚಾಪೆಯ ಮೇಲೆ ಕೂಡೋದು, ಮೊಣಕಾಲು ನೋಯೋದು, ಗೂಟ ಹೊಡೆಯೋದು. ಬಲದಿಂದ ಎಡಕ್ಕೆ ಬರೆಯುವಾಗ ಕೈ ಹಸಿ ಶಾಯಿಯ ಮೇಲೆ ಬಿದ್ದು ಕಿರುಬೆರಳೆಲ್ಲ ಕಪ್ಪು. ಮನೆಯಾಕೆ, "ಒಳ್ಳೆ ಮತದಾನ ಮಾಡಿ ಬಂದಂಗ ಕಾಣ್ತದ" ಅಂತ ನಗುತ್ತಿದ್ದಳು. ನಾಲ್ಕನೇ ದಿನ ಬಿಟ್ಟುಬಿಡೋಣ ಅನ್ನಿಸಿತು. ನನಗೆ ತಾಳ್ಮೆ ಇಲ್ಲ ಅಂತ ತೀರ್ಮಾನ ಮಾಡಿಕೊಂಡೆ. ಚಿಕ್ಕಂದಿನಿಂದ ಎಲ್ಲರೂ ಹೇಳಿದ್ದೂ ಅದೇ.

ಅವತ್ತು ಮಾಸ್ತರ್ ಸಾಬ್ ನನ್ನ ಹಾಳೆ ನೋಡಲಿಲ್ಲ. ತಮ್ಮದೊಂದು ಅಲಿಫ್ ಬರೆದು, "ಇದು ಎಲ್ಲಿ ತೆಳ್ಳಗ ಅದ, ಹೇಳ್ರಿ" ಅಂದರು. ನೋಡಿದೆ. ಒಂದು ಗೆರೆ, ಅದರಲ್ಲಿ ತೆಳ್ಳಗೆ ಎಲ್ಲಿ? ಇನ್ನೂ ನೋಡಿದೆ. ತಲೆಯಲ್ಲಿ ಮೊನಚು. ನಡುವೆ ಒಂಚೂರು ತುಂಬಿದೆ. ಕೆಳಗೆ ಬರುತ್ತಾ ಮತ್ತೆ ಸಪೂರ. ಪೂರ್ತಿ ನೆಟ್ಟಗೂ ಇಲ್ಲ, ಕೂದಲೆಳೆಯಷ್ಟು ವಾಲಿದೆ. ನಿಂತ ಮನುಷ್ಯ ಉಸಿರು ಎಳೆದುಕೊಂಡ ಹಾಗೆ. ನಾಲ್ಕು ದಿನ ಇದನ್ನೇ ಎದುರಿಗಿಟ್ಟುಕೊಂಡು ಇದು ಯಾವುದನ್ನೂ ನೋಡಿರಲಿಲ್ಲ. ನನ್ನ ತಲೆಯಲ್ಲಿದ್ದ "ಒಂದು ಗೆರೆ" ಅನ್ನೋದನ್ನೇ ಬರೆದಿದ್ದೆ.

ಆಮೇಲೆ ಬೇಸರ ಕಡಿಮೆಯಾಯಿತು. ಅದು ನನಗೇ ಆಶ್ಚರ್ಯ. ಮಾಡುತ್ತಿದ್ದ ಕೆಲಸ ಅದೇ, ಗೆರೆ ಎಳೆಯೋದು. ಆದರೆ ಈಗ ಪ್ರತಿ ಗೆರೆಯೂ ಹಿಂದಿನದಕ್ಕಿಂತ ಬೇರೆ. ಇದು ನಡುವೆ ಉಬ್ಬಿತು, ಇದರ ಕಾಲು ದಪ್ಪ, ಇದು ಪರವಾಗಿಲ್ಲ. ಒಂದು ಗಂಟೆ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. ಎಲ್ಲ ಗೆರೆಯೂ ಒಂದೇ ಅಂತ ಕಂಡಾಗ ಕೂಡಲಿಕ್ಕೆ ತಾಳ್ಮೆ ಬೇಕಿತ್ತು. ಬೇರೆ ಬೇರೆ ಅಂತ ಕಂಡ ಮೇಲೆ ಅದರ ಅಗತ್ಯವೇ ಬೀಳಲಿಲ್ಲ. ಹೊಲದಲ್ಲಿ ದಿನವಿಡೀ ಕಳೆ ಕೀಳುವ ಹೆಣ್ಣುಮಕ್ಕಳನ್ನು ನೋಡಿ "ಎಂಥ ಸಹನೆ" ಅಂತೀವಲ್ಲ, ಅವರ ಕಣ್ಣಿಗೆ ಬೀಳುವ ನೂರೆಂಟು ನಮ್ಮ ಕಣ್ಣಿಗೆ ಬೀಳೋದಿಲ್ಲ ಅಷ್ಟೇ ಅಂತ ಈಗೀಗ ಅನ್ನಿಸುತ್ತೆ.

ಎರಡು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಮೈಂಡ್‌ಫುಲ್‌ನೆಸ್ ಅಂತ ಒಂದು ದಿನದ ತರಬೇತಿ ಇಟ್ಟಿದ್ದರು. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಝಿನ್ ರೋಗಿಗಳ ಒತ್ತಡ ಕಡಿಮೆ ಮಾಡಲು ಶುರು ಮಾಡಿದ ಪದ್ಧತಿಯಂತೆ. ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟರು. ಐದು ನಿಮಿಷ ಅದನ್ನು ನೋಡಬೇಕು, ಮೂಸಬೇಕು, ನಿಧಾನ ಅಗಿಯಬೇಕು. ನಾನು ಮೊದಲ ನಿಮಿಷಕ್ಕೇ ನುಂಗಿ, ಪಕ್ಕದವನ ದ್ರಾಕ್ಷಿ ನೋಡುತ್ತಾ ಕೂತಿದ್ದೆ. ಪದ್ಧತಿಯ ತಪ್ಪಲ್ಲ. ನನಗೆ ಆ ದ್ರಾಕ್ಷಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅಲಿಫ್ ಹಾಗಲ್ಲ, ಅದರ ಹಿಂದೆ ಮುತ್ಯಾ ಇದ್ದ.

ಅಲಿಫ್ ಆದ ಮೇಲೆ ಬೇ. ಇಲ್ಲಿಂದ ಚುಕ್ಕಿಗಳ ಆಟ ಶುರು. ಬೇ, ಪೇ, ತೇ, ಟೇ, ಸೇ ಎಲ್ಲದಕ್ಕೂ ಒಂದೇ ಮೈ, ತೇಲುವ ದೋಣಿಯ ಹಾಗೆ. ಕೆಳಗೆ ಒಂದು ಚುಕ್ಕಿ ಇಟ್ಟರೆ ಬೇ, ಮೂರಿಟ್ಟರೆ ಪೇ. ಮೇಲೆ ಎರಡಿಟ್ಟರೆ ತೇ, ಮೂರಿಟ್ಟರೆ ಸೇ, ತಲೆಯ ಮೇಲೊಂದು ಸಣ್ಣ ಗುರುತು ಕೂರಿಸಿದರೆ ಟೇ. ಪದದ ಮೊದಲಲ್ಲಿ ಬಂದಾಗ ಆ ದೋಣಿಯೂ ಇರೋದಿಲ್ಲ. ಬರೀ ಒಂದು ಹಲ್ಲು ಉಳಿಯುತ್ತೆ. ಆ ಹಲ್ಲಿಗೆ ನೂನ್ ಮತ್ತು ಯೇ ಕೂಡ ಬಂದು ಸೇರಿಕೊಳ್ಳುತ್ತವೆ. ಲೆಕ್ಕ ಹಾಕಿದರೆ ಒಂದೇ ಹಲ್ಲು, ಏಳು ಅಕ್ಷರ. ಯಾವುದು ಅಂತ ಹೇಳೋದು ಚುಕ್ಕಿ ಮಾತ್ರ. 'ದುಆ' ಅಂದರೆ ಪ್ರಾರ್ಥನೆ. ಮೇಲೊಂದು ಚುಕ್ಕಿ ಬಿದ್ದರೆ ಅದೇ 'ದಗಾ'.

ಒಂದನೇ ಕ್ಲಾಸಿನಲ್ಲಿ ಪ, ಫ, ಷ ಮೂರೂ ಒಂದೇ ಅಂತ ಪಾಟಿಯ ಮೇಲೆ ಬರೆದು ಬೆತ್ತದ ಏಟು ತಿಂದದ್ದು ನೆನಪಾಯಿತು. ಕನ್ನಡ ಓದುವವನಿಗೆ ಇನ್ನೊಂದು ಕಷ್ಟ. ನಮ್ಮಲ್ಲಿ ಸ್ವರವೆಲ್ಲ ಕಣ್ಣೆದುರಿಗೇ ಇರುತ್ತೆ. ಇಳಿ, ಗುಡಿಸು, ಕೊಂಬು ಎಲ್ಲ ಹಾಕಿ ಕೈಗಿಡುತ್ತಾರೆ. ಅಲ್ಲಿ ಸಣ್ಣ ಸ್ವರ ಬರೆಯೋದೇ ಇಲ್ಲ. ಪದ ಮೊದಲೇ ಗೊತ್ತಿದ್ದವನಿಗೆ ಮಾತ್ರ ಓದಲು ಬರುತ್ತೆ. ಇದೆಂಥ ನ್ಯಾಯ ಅಂತ ಕೇಳಿದೆ. "ಪದ ನಿಮಗ ಗೊತ್ತೇ ಅವ" ಅಂದರು ಮಾಸ್ತರ್ ಸಾಬ್. ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಜೀಮ್, ಮೀಮ್, ಕೊನೆಗೆ ಐನ್. ಹತ್ತು ನಿಮಿಷ ಒದ್ದಾಡಿದೆ. ಜಮ, ಜಿಮ, ಜುಮ? ಐನ್ ಅನ್ನೋದಕ್ಕೆ ನಮ್ಮ ಬಾಯಲ್ಲಿ ಜಾಗವೇ ಇಲ್ಲ.

"ದಿನಾ ಆಫೀಸಿನಾಗ ಏನ್ ಬರೀತೀರಿ?"

ನಾನು ಲೆಕ್ಕದ ವಿಭಾಗದವನು. ದಿನಾ ಬರೆಯೋದು ಜಮಾ, ಖರ್ಚು. ಹೌದಲ್ಲ, ಜಮಾ! ಇಪ್ಪತ್ತೈದು ವರ್ಷದಿಂದ ಬರೆಯುತ್ತಿರುವ ಪದ ಬೇರೆ ಬಟ್ಟೆ ಹಾಕಿಕೊಂಡು ಬಂದರೆ ಗುರುತು ಸಿಗಲಿಲ್ಲ. ಅವತ್ತಿನಿಂದ ಅದೊಂದು ಹುಚ್ಚಾಯಿತು. ಖರ್ಚು, ಬಾಕಿ, ಅಸಲು, ರಶೀದಿ, ಅರ್ಜಿ, ಹಾಜರಿ, ತಕರಾರು, ಖಾಲಿ, ಜಾಸ್ತಿ. ಎಲ್ಲವನ್ನೂ ಬರೆಸಿಕೊಂಡೆ. ನಿಜಾಮರ ಕಚೇರಿಗಳಲ್ಲಿ ಫಾರಸಿ ಹೋಗಿ ಉರ್ದು ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಮುತ್ಯಾನಂಥ ಕನ್ನಡದ ಹುಡುಗರು ನೌಕರಿ ಬೇಕಂದರೆ ಆ ಲಿಪಿ ಕಲಿಯಲೇಬೇಕಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಲಿಪಿ ಮರೆತೆವು. ಪದಗಳು ಮಾತ್ರ ಬಾಯಲ್ಲೇ ಉಳಿದವು.

ಅಪ್ಪನೂ ಎರಡು ವರ್ಷ ಉರ್ದು ಕಲಿತಿದ್ದನಂತೆ. ರಾತ್ರಿ ನಾನು ಬರೆಯಲು ಕೂತರೆ ಕಲಮಿನ ಕಿರ್ ಕಿರ್ ಸದ್ದು ಕೇಳಿ, ಮಂಚದ ಮೇಲಿಂದಲೇ ಅಲಿಫ್ ಬೇ ಪೇ ತೇ ಅಂತ ರಾಗ ಹಾಕಿ ಹೇಳುತ್ತಿದ್ದ. ಜೀಮ್‌ವರೆಗೆ ಸರಿಯಾಗಿ ಬರುತ್ತಿತ್ತು. ಆಮೇಲೆ ಮಗ್ಗಿಗೆ ಹೊರಳಿಬಿಡುತ್ತಿದ್ದ.

ದೀಪಾವಳಿ ತನಕ ವಹಿ ಮುಟ್ಟಬೇಡಿ ಅಂದಿದ್ದರಲ್ಲ. ನಾನು ದಸರೆಗೇ ಮುಟ್ಟಿದೆ. ಆ ಬಹಮನ್ 1352ರ ಪುಟವನ್ನೇ ತೆರೆದೆ. ಮೊದಲ ಸಾಲಿನಲ್ಲಿ 'ಜಮಾ' ಥಟ್ಟನೆ ಕಂಡಿತು. ಅದರ ಹಿಂದೆ ಮೂರಕ್ಷರದ ಒಂದು ಸಣ್ಣ ಪದ. ಒಂದು ಹಲ್ಲು, ವಾವ್, ರೇ. ಹಲ್ಲಿನ ಮೇಲೆ ಚುಕ್ಕಿ. ಮೇಲೆ ಚುಕ್ಕಿ ಅಂದರೆ ನೂನ್. ನೂನ್, ವಾವ್, ರೇ: ನೂರ್.

ಮೊದಲು ಕನ್ನಡದ ನೂರು ಇರಬಹುದು ಅಂದುಕೊಂಡೆ. ಆದರೆ ಉರ್ದು ವಹಿಯಲ್ಲಿ ಕನ್ನಡದ ನೂರು ಯಾಕೆ ಬರುತ್ತೆ? ನೂರ್ ಅಂದರೆ ಬೆಳಕು, ಅದು ಗೊತ್ತಿತ್ತು. ನೂರ್ ಜಮಾ. ಬೆಳಕು ಜಮಾ! ಕೆಳಗೆ ನೋಡಿದರೆ ಮತ್ತೆ ನೂರ್, ಇನ್ನೂ ಕೆಳಗೆ ಮತ್ತೆ ನೂರ್. ಒಂದೇ ಪುಟದಲ್ಲಿ ಆರು ಸಲ.

ನನಗೆ ನಿದ್ದೆ ಬರಲಿಲ್ಲ. ಮುತ್ಯಾ ಬರೀ ಗುಮಾಸ್ತ ಅಲ್ಲ, ಒಳಗೊಳಗೇ ಸಾಧಕ. ಶರಣಬಸಪ್ಪನ ಗುಡಿಗೂ ಹೋಗುತ್ತಿದ್ದ, ದರ್ಗಾಕ್ಕೂ ಹೋಗುತ್ತಿದ್ದ ಅಂತ ಅವ್ವ ಹೇಳುತ್ತಿದ್ದದ್ದು ನೆನಪಾಯಿತು. ದಿನದ ಧ್ಯಾನದಲ್ಲಿ ಕಂಡ ಬೆಳಕನ್ನು ಲೆಕ್ಕ ಬರೆದಿಟ್ಟಿದ್ದಾನೆ! ಎದುರಿಗಿದ್ದ ಖರ್ಚಿನ ಸಾಲುಗಳೂ ಕತ್ತಲೆಯ ಲೆಕ್ಕ ಇರಬಹುದು. ಬೆಳಗ್ಗೆ ಮೂರು ಮಂದಿ ಗೆಳೆಯರಿಗೆ ಫೋನ್ ಮಾಡಿ ಹೇಳಿದೆ. ಒಬ್ಬ ಗದ್ಗದನಾದ. ಫೇಸ್‌ಬುಕ್ಕಿನಲ್ಲಿ ಒಂದು ಪೋಸ್ಟನ್ನೂ ಹಾಕಿದೆ, ಇನ್ನೂರು ಚಿಲ್ಲರೆ ಲೈಕು ಬಂದವು.

ದೀಪಾವಳಿ ಮುಗಿದ ಮೇಲೆ ವಹಿ ತೆಗೆದುಕೊಂಡು ಹೋದೆ. ಮಾಸ್ತರ್ ಸಾಬರ ಮನೆಯವರು ತಹರಿ ಮಾಡಿದ್ದರು. ಊಟ ಆಯಿತು, ಚಾ ಬಂತು. ಗಂಟಲು ಸರಿ ಮಾಡಿಕೊಂಡು "ಬೆಳಕು ಜಮಾ" ಪುಟ ತೆರೆದು ಓದಿದೆ. ಅವರು ಚಾದ ಬಸಿ ಕೆಳಗಿಟ್ಟರು.

"ತಮ್ಮಾ, ಮತ್ತೊಮ್ಮೆ ನೋಡು."

ಸಾಹೇಬ್ರ ಹೋಗಿ ತಮ್ಮಾ ಆದದ್ದು ಅವತ್ತೇ. ಮತ್ತೊಮ್ಮೆ ನೋಡಿದೆ. ನೂನ್, ವಾವ್, ರೇ.

"ಚುಕ್ಕಿ ನೋಡು. ಚುಕ್ಕಿ ಏನದ ಅದು?"

ಭೂತಗನ್ನಡಿ ಕೊಟ್ಟರು. ಚುಕ್ಕಿ ಚುಕ್ಕಿಯಾಗಿರಲಿಲ್ಲ, ಸ್ವಲ್ಪ ಅಗಲವಾಗಿತ್ತು. ಸಣ್ಣ ಅಡ್ಡ ಗೆರೆಯ ಹಾಗೆ. ಅವಸರದಲ್ಲಿ ಬರೆಯುವವರು ಎರಡು ಚುಕ್ಕಿಯನ್ನು ಬೇರೆ ಬೇರೆ ಇಡೋದಿಲ್ಲ. ಕಲಮು ಎತ್ತದೆ ಒಂದು ಸಣ್ಣ ಗೀಟು ಎಳೆದುಬಿಡುತ್ತಾರೆ. ಮೇಲೆ ಎರಡು ಚುಕ್ಕಿ ಅಂದರೆ ನೂನ್ ಅಲ್ಲ, ತೇ. ತೇ, ವಾವ್, ರೇ. ತೂರ್.

"ತೊಗರಿ" ಅಂದರು ಮಾಸ್ತರ್ ಸಾಬ್. "ನಿಮ್ಮ ಮುತ್ಯಾ ತೊಗರಿ ಮಾರ್‍ಯಾನ."

ಇಡೀ ಪುಟ ತೊಗರಿ. ಡಿಸೆಂಬರ್ ಅಂದರೆ ನಮ್ಮ ಕಡೆ ತೊಗರಿ ರಾಶಿಯ ಹೊತ್ತು ಶುರುವಾಗುತ್ತೆ. ಹೊಲದಿಂದ ಬಂದದ್ದು, ಮಾರಿದ್ದು, ಉಳಿದದ್ದು. ತೊಗರಿ ಕಣಜದಲ್ಲಿ ಹುಟ್ಟಿ, ದಿನಕ್ಕೆರಡು ಹೊತ್ತು ತೊಗರಿ ಬ್ಯಾಳಿ ಉಂಡು ಬೆಳೆದವನಿಗೆ ತೊಗರಿ ಕಾಣಲಿಲ್ಲ, ಬೆಳಕು ಕಂಡಿತು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಾಗ ಸ್ವೀಟ್ ಹಂಚಿದವನೂ ನಾನೇ.

ನಾವಿಬ್ಬರೂ ಎಷ್ಟು ನಕ್ಕೆವು ಅಂದರೆ, ಕೆಳಗಿನ ಝೆರಾಕ್ಸ್ ಅಂಗಡಿಯ ಹುಡುಗ ಮೇಲೆ ಬಂದು ನೋಡಿ ಹೋದ. ಆದರೆ ಮನೆಗೆ ಬರುವಾಗ ಒಳಗೆ ಚುಚ್ಚುತ್ತಿತ್ತು. ತಪ್ಪು ಓದಿದ್ದಕ್ಕಲ್ಲ. ಆ ಗೀಟು ನನ್ನ ಕಣ್ಣಿಗೆ ಬಿದ್ದಿತ್ತು. ದಸರೆಯ ರಾತ್ರಿಯೇ "ಈ ಚುಕ್ಕಿ ಯಾಕೆ ಅಗಲ ಇದೆ" ಅಂತ ಒಂದು ಕ್ಷಣ ಅನ್ನಿಸಿತ್ತು. ನಾನೇ ಅದನ್ನು ಪಕ್ಕಕ್ಕೆ ಸರಿಸಿದ್ದೆ. ಬೆಳಕು ಅಷ್ಟು ಚೆನ್ನಾಗಿತ್ತು. ಅವಸರ ಅಂದರೆ ಬೇಗ ಬೇಗ ಮಾಡೋದು ಅಂತ ಇಷ್ಟು ದಿನ ತಿಳಿದಿದ್ದೆ. ರಾತ್ರಿಯಿಡೀ ನಿಧಾನವಾಗಿ ಕೂತು ನೋಡುತ್ತಲೇ ನಾನು ಅವಸರ ಮಾಡಿದ್ದೆ. ಫೇಸ್‌ಬುಕ್ ಪೋಸ್ಟು ತೆಗೆದೆ. ಗದ್ಗದನಾಗಿದ್ದ ಗೆಳೆಯನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಅವನಿಗೆ ಗೊತ್ತಾಗಲಿ.

ಆಮೇಲೆ ಓದುವ ರೀತಿ ಬದಲಾಯಿತು. ಪದ ಏನಿರಬಹುದು ಅಂತ ಊಹೆ ಮಾಡೋದಕ್ಕೆ ಮೊದಲು, ಇರುವುದನ್ನು ಬೇರೆ ಹಾಳೆಯ ಮೇಲೆ ಹಾಗೇ ಬರೆಯುತ್ತೇನೆ. ಹಲ್ಲು ಎಷ್ಟು, ಚುಕ್ಕಿ ಎಷ್ಟು, ಮೇಲೋ ಕೆಳಗೋ. ಶಾಯಿಯ ಚುಕ್ಕಿಯೋ, ನೊಣದ ಕಲೆಯೋ. (ನೊಣದ ಕಲೆ ಕಂದು, ಅಂಚು ಉಬ್ಬಿರುತ್ತೆ. ಇದು ಯಾವ ಆ್ಯಪೂ ಹೇಳದ ವಿದ್ಯೆ.) ಒಂದು ಸಂಜೆಗೆ ಮೂರು ಸಾಲು ಆದರೆ ಹಬ್ಬ. ಮುತ್ಯಾನ ಕೈ ಈಗ ಸ್ವಲ್ಪ ಪರಿಚಯ. ರೇ ಬರೆಯುವಾಗ ಅವನು ಬಾಲ ಎಳೆಯುತ್ತಾನೆ. ತಿಂಗಳ ಕೊನೆಗೆ ಬರಹ ದೊಡ್ಡದಾಗುತ್ತೆ, ಬಹುಶಃ ಪಗಾರ ಬಂದ ಖುಷಿ. ಕೆಲವು ಕಡೆ 'ಕಲ್ದಾರ್' ಅಂತ ಬೇರೆ ಬರೆದಿದ್ದಾನೆ. ಅದು ಬ್ರಿಟಿಷರ ರೂಪಾಯಿ. ನಿಜಾಮರದು ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಆ ಹಾಲಿ ರೂಪಾಯಿ 1959ರವರೆಗೂ ಚಲಾವಣೆಯಲ್ಲಿತ್ತು.

ಮೊತ್ತಗಳು ಮಾತ್ರ ಗಂಟು ಬಿಚ್ಚಿಲ್ಲ. ದಿನಾಂಕ ಸಾದಾ ಅಂಕಿಯಲ್ಲಿದೆ, ದುಡ್ಡಿನ ಲೆಕ್ಕವೆಲ್ಲ ರಖಮ್‌ನಲ್ಲಿದೆ. ಅರಬಿಯ ಸಂಖ್ಯಾಪದಗಳನ್ನೇ ಸೊಟ್ಟ ಸೊಟ್ಟ ಗುರುತಾಗಿ ಮುದುಡಿಸಿದ ಲೆಕ್ಕದ ಬರಹ ಅದು. ಯಾರೂ ಸುಲಭವಾಗಿ ತಿದ್ದಿ ಮೋಸ ಮಾಡಲು ಬರದ ಹಾಗೆ. ಮಾಸ್ತರ್ ಸಾಬರಿಗೂ ಅದು ಬರೋದಿಲ್ಲ. ಹುಡುಕುತ್ತಿದ್ದಾರೆ, ಆಳಂದ ಕಡೆ ಯಾರೋ ಹಿರಿಯರು ಇದ್ದಾರಂತೆ.

ಹೋದ ವಾರ ಅಮರ್‌ದಾದ್ ತಿಂಗಳ ಪುಟಕ್ಕೆ ಬಂದೆ. ಅಂದರೆ 1943ರ ಜೂನ್ ಆಸುಪಾಸು. ಬೀಜ, ಬಾರುಕೋಲು, ಎಣ್ಣೆ, ಒಂದು ಜೊತೆ ಕೆರ. ಆಮೇಲೊಂದು ಪದ. ಮೊದಲು ಹಲ್ಲು, ಕೆಳಗೆ ಮೂರು ಚುಕ್ಕಿ ಸೇರಿ ಆದ ಮುದ್ದೆ: ಪೇ. ಅಲಿಫ್. ಮತ್ತೆ ಹಲ್ಲು, ಮೇಲೆ ಆ ಸಣ್ಣ ಗುರುತು: ಟೇ. ಕೊನೆಗೆ ಯೇ. ಪಾಟಿ. ಪಕ್ಕದಲ್ಲಿ ಅಪ್ಪನ ಹೆಸರು. ಆರು ವರ್ಷದ ಹುಡುಗನಿಗೆ ಶಾಲೆಗೆ ಹೋಗಲು ಪಾಟಿ.

ವಹಿಯಲ್ಲಿ ಎಂಟು ದಿನ ಮುಂದಿನ ಸಾಲಿನಲ್ಲಿ ಮತ್ತೆ ಅದೇ ಪದ. ಈ ಸಲ ನಾನು ನನ್ನನ್ನು ನಂಬಲಿಲ್ಲ. ಭೂತಗನ್ನಡಿ ಹಿಡಿದೆ. ಬೇರೆ ಹಾಳೆಯ ಮೇಲೆ ಬರೆದೆ. ಕೆಳಗೆ ಮೂರು, ಮೇಲೆ ಗುರುತು. ಬಾತಿ ಅಲ್ಲ, ಬಾಟಿ ಅಲ್ಲ. ಇದೂ ಪಾಟಿ. ಪಕ್ಕದಲ್ಲಿ ಅದೇ ಹೆಸರು. ಒಬ್ಬ ಹುಡುಗನಿಗೆ ಎಂಟು ದಿನದಲ್ಲಿ ಎರಡು ಪಾಟಿ ಯಾಕೆ? ಮುತ್ಯಾ ಎರಡು ಸಲ ತಪ್ಪಾಗಿ ಬರೆದಿರಬಹುದಾ? ಅಂಥವನಲ್ಲ ಅವನು. ಒಂದು ಕಾಸು ಎರಡು ಕಡೆ ಬಿದ್ದಿಲ್ಲ ಎಲ್ಲೂ.

ಅಪ್ಪನ ಮಂಚದ ಹತ್ತಿರ ಹೋಗಿ ಓದಿ ಹೇಳಿದೆ. ಎರಡೂ ತಾರೀಖು ಹೇಳಿದೆ. ಅಪ್ಪ ಸುಮ್ನೆ ಇದ್ದ. ಕೇಳಿಸಲಿಲ್ಲವೇನೋ ಅಂದುಕೊಂಡೆ. ಆಮೇಲೆ ಹೊದಿಕೆಯೊಳಗೆ ಹೊಟ್ಟೆ ಕುಲುಕಾಡಿತು.

"ಮೊದಲಿಂದು ಒಡ್ದಿದ್ದೆ. ಬಾವಿ ಕಟ್ಟಿ ಮ್ಯಾಲಿಂದ ಬಿತ್ತು. ಅಪ್ಪಗ ಹೇಳಿರಲಿಲ್ಲ, ಅವ್ವ ಸುಳ್ಳ ಹೇಳಿ ಇನ್ನೊಂದು ತರಿಸಿದ್ಳು." ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಎಷ್ಟ್ ಕೊಟ್ಟಾನಂತ ಬರ್ದಾನ?"

"ಅದು ರಖಮ್‌ನಾಗ ಅದ ಅಪ್ಪ. ಇನ್ನಾ ಓದ್ಲಕ್ಕ ಬರಲ್ಲ."

"ಮತ್ತ ಲಗೂ ಕಲಿ" ಅಂದ ಅಪ್ಪ. "ನಾ ಎಷ್ಟ್ ದಿನ ಕಾಯಲಿ?"